ಸಂಕೀರ್ಣ ವಿಮಾನ ಆಡ್‌ಆನ್‌ಗಳ ಅಪ್‌ಡೇಟ್ ಇಷ್ಟು ತಡವಾಗುವುದೇಕೆ? ಅಲ್ಲಿಯವರೆಗೆ ನಾವು ಮಾಡಬಹುದಾದದ್ದೇನು?

ಪ್ರಶ್ನೆ: ದೂರಯಾನಿ

ಎಲ್ಲರಿಗೂ ನಮಸ್ಕಾರ. ವಾರಾಂತ್ಯದಲ್ಲಿ ಲಂಡನ್ನಿನ ಹೀಥ್ರೋದಿಂದ ಹೊರಟು ಬೆಂಗಳೂರಿಗೆ ಬಂದಿಳಿಯುವುದು ಕಂಪ್ಯೂಟರಿನ ವಿಮಾನ ಹಾರಾಟದ ಸಿಮ್ಯುಲೇಟರ್‌ನಲ್ಲಿ ನನ್ನ ಅಚ್ಚುಮೆಚ್ಚಿನ ಹಾರಾಟ. ಇದಕ್ಕೆಂದೇ ಬೋಯಿಂಗ್‌ನ ದೂರಗಾಮಿ ವಿಮಾನವೊಂದರ ಆಡ್‌ಆನ್ ಅನ್ನು (ಸಿಮ್ಯುಲೇಟರ್‌ಗೆ ಹೊರಗಿನಿಂದ ಸೇರಿಸುವ ವಿಮಾನವನ್ನು) ಸಾಕಷ್ಟು ಹಣ ಕೊಟ್ಟು ಕೊಂಡಿದ್ದೇನೆ. ತಯಾರಕರ ಹೆಸರನ್ನು ಬೇಕೆಂದೇ ಬರೆದಿಲ್ಲ. ಅವರ ಕೆಲಸದ ಮೇಲೆ ನನಗೆ ಗೌರವವಿದೆ, ದೂರುವುದು ನನ್ನ ಉದ್ದೇಶವಲ್ಲ.

ಸಮಸ್ಯೆ ಹೀಗಿದೆ. ಸಿಮ್ಯುಲೇಟರ್‌ಗೆ ಈಚೆಗೆ ಅಪ್‌ಡೇಟ್ ಬಂದ ನಂತರ, ವಿ-ನ್ಯಾವ್ (ಎತ್ತರವನ್ನು ತಾನೇ ನೋಡಿಕೊಳ್ಳುವ ಆಟೋಪೈಲಟ್ ವಿಧಾನ) ಹಾಕಿ ಇಳಿಯುವಾಗ ವಿಮಾನವು ತನ್ನ ಎಫ್‌ಎಂಸಿ (ಹಾರಾಟದ ಲೆಕ್ಕಾಚಾರ ಮಾಡುವ ಕಂಪ್ಯೂಟರ್) ಲೆಕ್ಕ ಹಾಕಿಟ್ಟ ಇಳಿಜಾರಿನ ಮೇಲೆ ನಿಲ್ಲುತ್ತಿಲ್ಲ. ಮೇಲಿನ ಎತ್ತರಗಳಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ. 20 ಸಾವಿರ ಅಡಿಗಿಂತ ಕೆಳಗೆ ಬಂದ ಮೇಲೆ ನ್ಯಾವಿಗೇಶನ್ ಪರದೆಯ ಬಲಗಡೆ ಇರುವ ಇಳಿಜಾರಿನ ಸೂಚಕವು ಸ್ವಲ್ಪ ಸ್ವಲ್ಪವಾಗಿ ಕೆಳಗೆ ಸರಿಯುತ್ತಾ ಹೋಗಿ 400 ಅಡಿಯ ತುದಿಗೆ ಅಂಟಿಕೊಳ್ಳುತ್ತದೆ, ಅಂದರೆ ವಿಮಾನ ಇಳಿಜಾರಿಗಿಂತ ಅಷ್ಟು ಮೇಲಿರುತ್ತದೆ. ‘ಡ್ರ್ಯಾಗ್ ರಿಕ್ವೈರ್ಡ್’ (ಇನ್ನಷ್ಟು ಎಳೆತ ಬೇಕು) ಎಂಬ ಸಂದೇಶ ಬರುತ್ತದೆ. ಸ್ಪೀಡ್‌ಬ್ರೇಕ್ (ರೆಕ್ಕೆಯ ಮೇಲೆ ಎದ್ದು ಗಾಳಿಯನ್ನು ತಡೆಯುವ ಹಲಗೆ) ಎಳೆದು ನಿಭಾಯಿಸದಿದ್ದರೆ, ಎತ್ತರದ ಮಿತಿಯಿರುವ ಬಿಂದುವನ್ನು ವಿಮಾನವು ಆ ಮಿತಿಗಿಂತ ಮೇಲಿನಿಂದಲೇ ದಾಟಿಬಿಡುತ್ತದೆ.

ದೋಷ ತಮ್ಮ ಗಮನಕ್ಕೆ ಬಂದಿದೆ, ತಿದ್ದುತ್ತಿದ್ದೇವೆ ಎಂದು ತಯಾರಕರು ಒಮ್ಮೆ ಹೇಳಿದರು. ಆ ಬಳಿಕ ಯಾವ ಸುದ್ದಿಯೂ ಇಲ್ಲ. ಮೇಲುನೋಟಕ್ಕೆ ಒಂದೇ ಲೆಕ್ಕದ ತಪ್ಪಿನಂತೆ ಕಾಣುವ ಇದನ್ನು ಸರಿಪಡಿಸಲು ಇಷ್ಟು ಕಾಲ ಏಕೆ ಬೇಕು ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ. ಅಪ್‌ಡೇಟ್ ಬರುವವರೆಗೆ ಈ ವಿಮಾನವನ್ನು ಬದಿಗಿಡಬೇಕೋ, ಹೀಗೆಯೇ ಹಾರಿಸಬಹುದೋ ಎಂಬುದನ್ನೂ ತಿಳಿಸಿ.

ಉತ್ತರ: ಹಳೆಯ ರನ್‌ವೇ

ದೂರಯಾನಿಯವರೇ, ನೀವು ಯಾವ ಸಿಮ್ಯುಲೇಟರ್ ಬಳಸುತ್ತೀರೆಂದು ಬರೆದಿಲ್ಲ. ನಮ್ಮಲ್ಲಿ ಬಹಳ ಮಂದಿ ಬಳಸುವುದು ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಆದ್ದರಿಂದ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತೇನೆ.

ಇದೇ ಸರಣಿಯ ಹಳೆಯ ಆವೃತ್ತಿಯಾದ ಎಫ್‌ಎಸ್‌ಎಕ್ಸ್ 2006ರಲ್ಲಿ ಬಂತು. ಅದರ ಎರಡನೆಯ ಸರ್ವಿಸ್ ಪ್ಯಾಕ್ (ತಿದ್ದುಪಡಿಗಳ ಕಂತೆ) 2007ರಲ್ಲಿ ಬಂತು. 2009ರ ಜನವರಿಯಲ್ಲಿ ಅದನ್ನು ಕಟ್ಟಿದ ಏಸಸ್ ಸ್ಟುಡಿಯೋವನ್ನೇ ಮೈಕ್ರೋಸಾಫ್ಟ್ ಮುಚ್ಚಿತು. ಹೀಗಾಗಿ ಅದಕ್ಕೆ ವಿಮಾನ ಕಟ್ಟುವವರ ಕಾಲಡಿಯ ನೆಲ ವರ್ಷಗಟ್ಟಲೆ ಅಲುಗಲಿಲ್ಲ. ಒಮ್ಮೆ ಸರಿಯಾಗಿ ಹಾರಿದ ಆಡ್‌ಆನ್ ಮರುವರ್ಷವೂ ಹಾಗೆಯೇ ಹಾರುತ್ತಿತ್ತು, ದೋಷವೊಂದು ಕಂಡರೆ ಅದು ತಮ್ಮದೇ ಕೋಡ್‌ನಲ್ಲಿದೆ ಎಂದು ತಯಾರಕರು ಧೈರ್ಯವಾಗಿ ಹೇಳಬಹುದಿತ್ತು. ಆ ಸ್ಥಿರತೆಗೆ ಅದರದೇ ಬೆಲೆಯೂ ಇತ್ತೆನ್ನಿ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೂ ಎಫ್‌ಎಸ್‌ಎಕ್ಸ್‌ನಲ್ಲಿ ಬೆಂಗಳೂರು ಎಂದರೆ ಎಚ್‌ಎಎಲ್ ನಿಲ್ದಾಣವೇ ಆಗಿತ್ತು, ಹೊಸದು ಬೇಕೆಂದವರು ಬೇರೆ ಸೀನರಿ (ನಿಲ್ದಾಣದ ಆಡ್‌ಆನ್) ಹಾಕಿಕೊಳ್ಳಬೇಕಿತ್ತು.

ಈಗಿನ ಸ್ಥಿತಿ ಇದಕ್ಕೆ ತದ್ವಿರುದ್ಧ. 2020ರ ಆಗಸ್ಟ್ 18ರಂದು ಬಿಡುಗಡೆಯಾದ ಸಿಮ್ಯುಲೇಟರ್‌ಗೂ 2024ರ ನವೆಂಬರ್ 19ರಂದು ಬಂದ ಅದರ ಮುಂದಿನ ಆವೃತ್ತಿಗೂ ದೊಡ್ಡ ಅಪ್‌ಡೇಟ್‌ಗಳು ಮತ್ತೆ ಮತ್ತೆ ಬಂದಿವೆ. ಅವುಗಳನ್ನು ಬೇಡವೆಂದು ಹಳೆಯ ಆವೃತ್ತಿಯಲ್ಲೇ ಉಳಿಯಲು ಬಳಕೆದಾರರಿಗೆ ದಾರಿಯಿಲ್ಲ. ಎಫ್‌ಎಸ್‌ಎಕ್ಸ್‌ನಲ್ಲಿ ಆಡ್‌ಆನ್‌ನ ಕೋಡ್ ನೇರವಾಗಿ ಡಿಎಲ್‌ಎಲ್ ಕಡತವಾಗಿ ಓಡುತ್ತಿತ್ತು. ಈಗ ಅದನ್ನು ವೆಬ್‌ಅಸೆಂಬ್ಲಿ ರೂಪದಲ್ಲಿ ಕೊಡಬೇಕು, ಸಿಮ್ಯುಲೇಟರ್ ತಾನೇ ಅದನ್ನು ನಿಮ್ಮ ಕಂಪ್ಯೂಟರ್‌ಗೆ ತಕ್ಕಂತೆ ಪರಿವರ್ತಿಸಿ ತನ್ನ ಬೇಲಿಯೊಳಗೇ ಓಡಿಸುತ್ತದೆ. ಅಪ್‌ಡೇಟ್ ಆದ ಮೇಲೆ ವಿಮಾನವೊಂದು ಮೊದಲ ಸಲ ಲೋಡ್ ಆಗಲು ಹೆಚ್ಚು ಹೊತ್ತು ಹಿಡಿಯುವುದು ಇದರಿಂದಲೇ. ಆಡ್‌ಆನ್ ತಯಾರಕರಾದ ಫೀನಿಕ್ಸ್‌ನ ಎ320 ಈ ಬೇಲಿಯಿಂದ ಹೊರಗೆ ನಿಂತು, ವಿಮಾನದ ವ್ಯವಸ್ಥೆಗಳನ್ನು ಬೇರೆ ಪ್ರೋಗ್ರಾಮ್ ಆಗಿ ನಡೆಸುವ ದಾರಿಯನ್ನು ಆರಿಸಿಕೊಂಡಿತು. ಅದೂ ಇನ್ನೊಂದು ತಯಾರಕ ಸಂಸ್ಥೆಯಾದ ಪಿಎಂಡಿಜಿಯ 737 ವಿಮಾನವೂ ಬಿಡುಗಡೆಯಾದದ್ದು 2022ರ ಮೇ ತಿಂಗಳಲ್ಲಿ, ಅಂದರೆ ಸಿಮ್ಯುಲೇಟರ್ ಬಂದು ಇಪ್ಪತ್ತೊಂದು ತಿಂಗಳಾದ ಮೇಲೆ. ಈ ಕಸುಬಿನಲ್ಲಿ ಪಳಗಿದವರಿಗೇ ಹೊಸ ನೆಲದ ಮೇಲೆ ನಿಲ್ಲಲು ಅಷ್ಟು ಕಾಲ ಬೇಕಾಯಿತು. ತಡವಾಯಿತೆಂದ ಮಾತ್ರಕ್ಕೆ ಯಾರೂ ಕೈಕಟ್ಟಿ ಕೂತಿಲ್ಲ ಎಂಬುದು ನನ್ನ ದೃಢ ನಂಬಿಕೆ.

ಉತ್ತರ: ಬೆಂಗಳೂರಿನ ಪರೀಕ್ಷಕ

ನಾನು ಬೆಂಗಳೂರಿನಲ್ಲಿ ನಿಜ ವಿಮಾನಗಳ ಏವಿಯಾನಿಕ್ಸ್ (ಎಲೆಕ್ಟ್ರಾನಿಕ್ ವ್ಯವಸ್ಥೆಗಳ) ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ‘ಒಂದೇ ಲೆಕ್ಕದ ತಪ್ಪು’ ಎಂದು ನೀವು ಬರೆದ ಮಾತಿಗೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸಬೇಕೆನಿಸಿತು.

ವಿ-ನ್ಯಾವ್ ಇಳಿಜಾರನ್ನು ಎಫ್‌ಎಂಸಿ ಮೇಲಿನಿಂದ ಕೆಳಕ್ಕೆ ಎಣಿಸುವುದಿಲ್ಲ, ರನ್‌ವೇ ಕಡೆಯಿಂದ ಹಿಂದಕ್ಕೆ ಎಣಿಸುತ್ತದೆ. ಲ್ಯಾಂಡಿಂಗ್‌ನ ಅಂತಿಮ ಹಂತ, ಅದಕ್ಕೆ ಮುಂಚೆ ವೇಗ ತಗ್ಗಿಸಲು ಬೇಕಾಗುವ ದೂರ, 10 ಸಾವಿರ ಅಡಿಯ ಕೆಳಗೆ 250 ನಾಟ್ ಎಂಬ ವೇಗಮಿತಿ, ದಾರಿಯಲ್ಲಿನ ಪ್ರತಿ ಬಿಂದುವಿನ ಎತ್ತರದ ಮಿತಿ, ಎಂಜಿನ್ ಐಡಲ್‌ನಲ್ಲಿ (ಅತಿ ಕಡಿಮೆ ಶಕ್ತಿಯಲ್ಲಿ) ಇದ್ದಾಗಲೂ ಉಳಿಯುವ ನೂಕುಬಲ, ಆ ಹೊತ್ತಿನ ವಿಮಾನದ ತೂಕ, ಪ್ರತಿ ಎತ್ತರದಲ್ಲಿನ ಗಾಳಿ, ಇವೆಲ್ಲವನ್ನೂ ಸೇರಿಸಿಕೊಂಡು ಇಳಿಯಲು ಶುರುಮಾಡಬೇಕಾದ ಜಾಗವನ್ನು ಅದು ಗೊತ್ತುಮಾಡುತ್ತದೆ. ಆಡ್‌ಆನ್‌ನಲ್ಲಿ ಈ ಲೆಕ್ಕಕ್ಕೆ ಬೇಕಾದ ಕೋಷ್ಟಕಗಳು ತಯಾರಕರವು. ವಿಮಾನವನ್ನು ಗಾಳಿಯಲ್ಲಿ ನಿಜವಾಗಿ ತಡೆದು ನಿಧಾನಿಸುವ ಎಳೆತವನ್ನು ಲೆಕ್ಕ ಹಾಕುವುದು ಮಾತ್ರ ಬಹುಮಟ್ಟಿಗೆ ಸಿಮ್ಯುಲೇಟರ್. ಇವೆರಡರ ನಡುವಿನ ಹೊಂದಾಣಿಕೆ ಕೂದಲೆಳೆಯಷ್ಟು ತಪ್ಪಿದರೂ ಕೆಳಗಿನ ಎತ್ತರಗಳಿಗೆ ಬರುವ ಹೊತ್ತಿಗೆ ಅಂತರವು ನೂರಾರು ಅಡಿಯಾಗಿರುತ್ತದೆ, ಏಕೆಂದರೆ ಸಾಮಾನ್ಯವಾದ ಮೂರು ಡಿಗ್ರಿ ಇಳಿಜಾರಿನಲ್ಲಿ ಒಂದು ನಾಟಿಕಲ್ ಮೈಲಿಗೆ ಸುಮಾರು 318 ಅಡಿ ಇಳಿಯಬೇಕು.

ತಿದ್ದುವುದಕ್ಕೆ ಒಂದು ಮಧ್ಯಾಹ್ನ ಸಾಕಾಗಬಹುದು. ಆ ತಿದ್ದುಪಡಿ ಬೇರೇನನ್ನೂ ಕೆಡಿಸಿಲ್ಲವೆಂದು ಖಚಿತಪಡಿಸಿಕೊಳ್ಳುವುದೇ ನಿಜವಾದ ದುಡಿಮೆ. ಎಳೆತದ ಒಂದು ಅಂಕಿಯನ್ನು ಬದಲಿಸಿದರೆ ಇಳಿಕೆಯ ಜತೆಗೆ ಕ್ರೂಸ್‌ನಲ್ಲಿ ಇಂಧನ ಖರ್ಚು, ಏರುವ ವೇಗ, ಒಂದು ಎಂಜಿನ್ ನಿಂತಾಗ ತಲುಪಬಹುದಾದ ಎತ್ತರ, ಎಲ್ಲವೂ ಬದಲಾಗುತ್ತವೆ. ಹತ್ತು ಗಂಟೆಯ ಹಾರಾಟದ ಕೊನೆಯಲ್ಲಿ ಉಳಿಯುವ ಇಂಧನ ಸರಿಯಾಗಿದೆಯೇ ಎಂದು ನೋಡಬೇಕಾದರೆ ಆ ಹತ್ತು ಗಂಟೆ ಹಾರಿಸಿಯೇ ನೋಡಬೇಕು. ಸಮಯದ ವೇಗ ಹೆಚ್ಚಿಸಿ ಹಾರಿಸಿದ ಪರೀಕ್ಷೆಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಇದಲ್ಲದೆ ನ್ಯಾವಿಗೇಶನ್ ದತ್ತಾಂಶದ ಮಾನದಂಡವಾದ ಎಆರ್‌ಐಎನ್‌ಸಿ 424ರಲ್ಲಿ ಮಾರ್ಗದ ತುಣುಕುಗಳಲ್ಲೇ 23 ಬಗೆಗಳಿವೆ. ನೇರ ಗೆರೆ, ಬಾಗಿದ ಕಮಾನು, ಹೋಲ್ಡಿಂಗ್ ಸುತ್ತು ಎಂದು ಪ್ರತಿಯೊಂದಕ್ಕೂ ಉದ್ದದ ಲೆಕ್ಕ ಬೇರೆ, ಉದ್ದ ಬದಲಾದರೆ ಇಳಿಜಾರೂ ಬದಲಾಗುತ್ತದೆ.

ನಮ್ಮ ಕೆಲಸದಲ್ಲಿ ಡಿಒ-178ಸಿ ಎಂಬ ಕಟ್ಟುನಿಟ್ಟಿನ ಮಾರ್ಗಸೂಚಿಯಿದೆ. ಸಿಮ್ಯುಲೇಟರ್ ತಯಾರಕರಿಗೆ ಅಂಥ ಕಟ್ಟುಪಾಡಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಒಂದನ್ನು ತಿದ್ದಿದ ಮೇಲೆ ಹಳೆಯ ಪರೀಕ್ಷೆಗಳನ್ನೆಲ್ಲ ಮತ್ತೆ ನಡೆಸುವ ಶಿಸ್ತನ್ನು ಬಿಟ್ಟರೆ ಏನಾಗುತ್ತದೆ ಎಂಬುದು ಎರಡೂ ಕಡೆ ಒಂದೇ.

ಇನ್ನು ನಿಮ್ಮ ವಿಷಯಕ್ಕೆ ಬರುತ್ತೇನೆ. ನೀವು ಹೀಥ್ರೋದಿಂದ ಬೆಂಗಳೂರಿಗೆ ಬರುವುದು ಪಶ್ಚಿಮದ ಕಡೆಯಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ದಕ್ಷಿಣ ಭಾರತದ ಮೇಲೆ 40 ಸಾವಿರ ಅಡಿಯ ಆಸುಪಾಸಿನಲ್ಲಿ ಮೂಡಣ ಗಾಳಿ ಬಲವಾಗಿ ಬೀಸುತ್ತದೆ, 5ರಿಂದ 10 ಸಾವಿರ ಅಡಿಯಲ್ಲಿ ಪಡುವಣ ಗಾಳಿ ಜೋರಾಗಿರುತ್ತದೆ. ಅಂದರೆ ಮೇಲೆ ಎದುರುಗಾಳಿಯಲ್ಲಿ ಬಂದ ವಿಮಾನ ಇಳಿಯುತ್ತಾ ಇಳಿಯುತ್ತಾ ಹಿಂಗಾಳಿಯೊಳಕ್ಕೆ ಹೊಗುತ್ತದೆ. ಇಳಿಕೆಯ ಗಾಳಿಯನ್ನು ಎಫ್‌ಎಂಸಿಗೆ ತುಂಬಿಸದಿದ್ದರೆ ಅದಕ್ಕೆ ಇದು ತಿಳಿಯುವ ಬಗೆಯಿಲ್ಲ. 30 ನಾಟ್‌ನ ಹಿಂಗಾಳಿಯಲ್ಲಿ ಹತ್ತು ನಿಮಿಷ ಇಳಿದರೆ ವಿಮಾನ ಐದು ನಾಟಿಕಲ್ ಮೈಲಿ ಹೆಚ್ಚು ಮುಂದೆ ಹೋಗಿರುತ್ತದೆ, ಎತ್ತರದಲ್ಲಿ ಹೇಳುವುದಾದರೆ ಅದು ಸುಮಾರು 1,600 ಅಡಿ. ನೀವು ವಿವರಿಸಿದ ಲಕ್ಷಣ ಇದಕ್ಕೆ ಬಹಳ ಹತ್ತಿರವಾಗಿದೆ. ಆದ್ದರಿಂದ ನಿಜಹವೆಯನ್ನು (ಸಿಮ್ಯುಲೇಟರ್ ತರುವ ಆ ಹೊತ್ತಿನ ನೈಜ ಹವಾಮಾನವನ್ನು) ತೆಗೆದು, ಗಾಳಿಯೇ ಇಲ್ಲದ ಹವೆಯನ್ನು ಹಾಕಿ, ಅದೇ ತೂಕದಲ್ಲಿ ಅದೇ ಇಳಿಕೆಯನ್ನು ಒಮ್ಮೆ ಹಾರಿಸಿ ನೋಡಿ ತಿಳಿಸುವಿರಾ?

ದೂರಯಾನಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಳಿಕೆಯ ಗಾಳಿಯನ್ನು ಪ್ರತಿ ಸಲವೂ ಹಾರಾಟದ ಯೋಜನೆಯಿಂದಲೇ ತುಂಬಿಸಿಕೊಳ್ಳುತ್ತೇನೆ. ಆದರೂ ಪರೀಕ್ಷಕರು ಹೇಳಿದಂತೆ ಗಾಳಿಯಿಲ್ಲದ ಹವೆಯಲ್ಲಿ ಹಾರಿಸಿ ನೋಡಿದೆ. ಅಂತರ ಕಡಿಮೆಯಾಯಿತು, ಆದರೆ ಹೋಗಲಿಲ್ಲ. ಸೂಚಕವು 400 ಅಡಿಯ ತುದಿಗೆ ಹೋಗುವ ಬದಲು ಅದರ ಅರ್ಧದಷ್ಟು ಕೆಳಗೆ ನಿಂತಿತು, ಫ್ಲ್ಯಾಪ್ ಬಿಡುವವರೆಗೆ ಮೇಲೆ ಬರಲಿಲ್ಲ. ಎಂಜಿನ್ ಆ್ಯಂಟಿ-ಐಸ್ (ಎಂಜಿನ್‌ನಲ್ಲಿ ಮಂಜುಗಟ್ಟದಂತೆ ತಡೆಯುವ, ಆನ್ ಇದ್ದರೆ ಐಡಲ್ ನೂಕುಬಲವನ್ನು ಹೆಚ್ಚಿಸುವ ವ್ಯವಸ್ಥೆ) ಆಫ್ ಆಗಿಯೇ ಇತ್ತು.

ತಡವಾಗುವುದು ಈಗ ಅರ್ಥವಾಯಿತು. ಆದರೆ ಏನೂ ಹೇಳದೆ ಇರುವುದು ಅರ್ಥವಾಗಿಲ್ಲ. ಇನ್ನೊಂದು ಮಾತು: ಹೊಸ ಎಐಆರ್‌ಎಸಿ ಹಾಕಿಕೊಂಡರೆ ಇದು ಸರಿಹೋಗಬಹುದು ಎಂದು ಗೆಳೆಯರೊಬ್ಬರು ಹೇಳಿದರು. ಅದು ನಿಜವೇ?

ಉತ್ತರ: ನೀಲಗಗನ

ಎಐಆರ್‌ಎಸಿ ಎಂಬುದು 28 ದಿನಗಳಿಗೊಮ್ಮೆ ಹೊಸದಾಗುವ ನ್ಯಾವಿಗೇಶನ್ ದತ್ತಾಂಶ. ರನ್‌ವೇಗಳು, ಬಿಂದುಗಳು, ಬರುವ ಹೋಗುವ ಮಾರ್ಗಗಳು, ಅವುಗಳ ಮಿತಿಗಳು ಅದರಲ್ಲಿರುತ್ತವೆ. ಬೆಂಗಳೂರಿನಲ್ಲಿ 2019ರ ಡಿಸೆಂಬರ್‌ನಲ್ಲಿ ತೆರೆದ ದಕ್ಷಿಣದ ರನ್‌ವೇ ನಿಮ್ಮ ಎಫ್‌ಎಂಸಿಯಲ್ಲಿ ಕಾಣದಿದ್ದರೆ ತಪ್ಪು ಹಳೆಯ ಎಐಆರ್‌ಎಸಿಯದು. ವಿಮಾನ ಇಳಿಜಾರಿನ ಮೇಲೆ ನಿಲ್ಲದಿರುವುದಕ್ಕೆ ಅದು ಪರಿಹಾರವಲ್ಲ.

ಏನೂ ಹೇಳದೆ ಇರುವುದರ ಬಗ್ಗೆ ನಾನು ದೂರಯಾನಿಯವರ ಪಕ್ಷ. ಮೇಲಿನ ಇಬ್ಬರೂ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ, ಆದರೆ ಅವು ತಡವಾಗುವುದಕ್ಕೆ ಕಾರಣಗಳೇ ಹೊರತು ಮೌನಕ್ಕೆ ಕಾರಣಗಳಲ್ಲ. ದಿನಾಂಕ ಹೇಳಿ ಮಾತು ತಪ್ಪಿದರೆ ಬೈಸಿಕೊಳ್ಳಬೇಕಾಗುತ್ತದೆಂಬ ಅಂಜಿಕೆ ತಯಾರಕರಿಗೆ ಇರುವುದು ಸಹಜ, ದಿನಾಂಕವನ್ನು ನಾನೂ ಕೇಳುವುದಿಲ್ಲ. ಗೊತ್ತಿರುವ ದೋಷಗಳ ಪಟ್ಟಿಯೊಂದನ್ನು ಎಲ್ಲರಿಗೂ ಕಾಣುವಂತೆ ಇಟ್ಟು, ಯಾವುದು ಕಾರಣ ಹುಡುಕುವ ಹಂತದಲ್ಲಿದೆ, ಯಾವುದು ಪರೀಕ್ಷೆಯಲ್ಲಿದೆ, ಯಾವುದನ್ನು ಸಿಮ್ಯುಲೇಟರ್ ಕಟ್ಟುವವರೇ ತಿದ್ದಬೇಕಾಗಿದೆ ಎಂದು ಬರೆದರೆ ಸಾಕು. ಇದನ್ನು ಮಾಡಿ ತೋರಿಸಿದವರಿದ್ದಾರೆ. ಫ್ಲೈಬೈವೈರ್ ತಂಡದ ಎ32ಎನ್ಎಕ್ಸ್ ವಿಮಾನದ ಕೋಡ್ ಗಿಟ್‌ಹಬ್ ಎಂಬ ಕೋಡ್ ಹಂಚಿಕೆಯ ಜಾಲತಾಣದಲ್ಲಿ ತೆರೆದಿದೆ, ಯಾರು ವರದಿ ಮಾಡಿದ ದೋಷ ಎಲ್ಲಿಗೆ ಬಂತು ಎಂಬುದನ್ನು ಯಾರು ಬೇಕಾದರೂ ಓದಬಹುದು. ಸ್ಥಿರ ಆವೃತ್ತಿ ಬೇಕೋ, ದಿನದಿನವೂ ಬದಲಾಗುವ ಡೆವಲಪ್‌ಮೆಂಟ್ ಆವೃತ್ತಿ ಬೇಕೋ ಎಂದು ಬಳಕೆದಾರರೇ ಆರಿಸಿಕೊಳ್ಳಬಹುದು. ಅದು ಉಚಿತ, ಸ್ವಯಂಸೇವಕರು ಬಿಡುವಿನ ವೇಳೆಯಲ್ಲಿ ಕಟ್ಟುತ್ತಿರುವ ವಿಮಾನ. ಹಣ ಪಡೆದು ಮಾರುವವರು ತಮ್ಮ ಕೋಡ್ ತೆರೆಯಬೇಕೆಂದು ಯಾರೂ ಹೇಳುತ್ತಿಲ್ಲ, ಪಟ್ಟಿಯನ್ನಾದರೂ ತೆರೆದಿಡಬಹುದಲ್ಲವೇ? ಗೊತ್ತಿರುವ ದೋಷದ ಬಗ್ಗೆ ನೂರು ಜನ ಮತ್ತೆ ಮತ್ತೆ ಬರೆಯುವುದು ನಿಂತರೆ ಅವರ ಹೊತ್ತೂ ಉಳಿಯುತ್ತದೆ.

ಉತ್ತರ: ಬೆಂಗಳೂರಿನ ಪರೀಕ್ಷಕ

ನೀಲಗಗನರ ಮಾತಿಗೆ ನನ್ನ ಸಹಮತವಿದೆ. ನಮ್ಮಲ್ಲೂ ಬಿಡುಗಡೆಯ ಜೊತೆ ಬಾಕಿ ಉಳಿದ ದೋಷಗಳ ಪಟ್ಟಿ ಹೋಗಲೇಬೇಕು.

ದೂರಯಾನಿಯವರೇ, ಗಾಳಿಯಿಲ್ಲದ ಹವೆಯಲ್ಲೂ ಅರ್ಧದಷ್ಟು ಅಂತರ ಉಳಿಯಿತೆಂಬ ನಿಮ್ಮ ಫಲಿತಾಂಶಕ್ಕೆ ತುಂಬ ಬೆಲೆಯಿದೆ. ಗಾಳಿಯ ಲೆಕ್ಕವನ್ನು ಬಿಟ್ಟು ಎಳೆತ ಅಥವಾ ಐಡಲ್ ನೂಕುಬಲದ ಕಡೆಗೆ ಅದು ಬೆರಳು ತೋರಿಸುತ್ತದೆ. ‘ವಿ-ನ್ಯಾವ್ ಕೆಲಸ ಮಾಡುತ್ತಿಲ್ಲ’ ಎಂಬ ವರದಿಯಿಂದ ಡೆವಲಪರ್‌ಗೆ ಏನೂ ಸಿಗುವುದಿಲ್ಲ, ಇದರಿಂದ ಸಿಗುತ್ತದೆ. ವರದಿ ಕಳಿಸುವ ಮುನ್ನ ಕಮ್ಯುನಿಟಿ ಫೋಲ್ಡರ್‌ನಲ್ಲಿ (ಆಡ್‌ಆನ್‌ಗಳನ್ನು ಹಾಕುವ ಫೋಲ್ಡರ್) ಈ ವಿಮಾನವೊಂದನ್ನೇ ಉಳಿಸಿ, ಮಿಕ್ಕೆಲ್ಲವನ್ನೂ ಬೇರೆಡೆಗೆ ಸರಿಸಿ ಇನ್ನೊಮ್ಮೆ ಹಾರಿಸಿ. ಅನಂತರ ಸಿಮ್ಯುಲೇಟರ್‌ನ ಆವೃತ್ತಿ ಸಂಖ್ಯೆ, ಆಡ್‌ಆನ್‌ನ ಆವೃತ್ತಿ ಸಂಖ್ಯೆ, ಎಐಆರ್‌ಎಸಿ ಯಾವುದು, ಇಂಧನ ಬಿಟ್ಟು ವಿಮಾನದ ತೂಕ, ಇಳಿಯಲು ತೊಡಗಿದಾಗ ಉಳಿದಿದ್ದ ಇಂಧನ, ಕಾಸ್ಟ್ ಇಂಡೆಕ್ಸ್ (ಇಂಧನಕ್ಕೆ ಹೋಲಿಸಿದರೆ ಸಮಯಕ್ಕೆ ಎಷ್ಟು ಬೆಲೆ ಎಂದು ಎಫ್‌ಎಂಸಿಗೆ ಕೊಡುವ ಅಂಕಿ), ಎಫ್‌ಎಂಸಿಗೆ ಕೊಟ್ಟ ಮಾರ್ಗ, ಇಷ್ಟನ್ನು ಬರೆಯಿರಿ. ಇಳಿಯಲು ಶುರುಮಾಡುವ ಜಾಗಕ್ಕೆ ಹತ್ತಿಪ್ಪತ್ತು ಮೈಲಿ ಮುಂಚೆ ಸ್ಥಿತಿಯನ್ನು ಸೇವ್ ಮಾಡಿದ ಕಡತವನ್ನು ಲಗತ್ತಿಸಿದರೆ, ಹತ್ತು ಗಂಟೆ ಹಾರಿಸುವ ಬದಲು ಅರ್ಧ ಗಂಟೆಯಲ್ಲಿ ಅವರು ದೋಷವನ್ನು ತಮ್ಮ ಪರದೆಯ ಮೇಲೇ ನೋಡಬಹುದು. ಸಮಯದ ವೇಗ ಹೆಚ್ಚಿಸಿರಲಿಲ್ಲ ಎಂಬುದನ್ನು ಮರೆಯದೆ ಬರೆಯಿರಿ, ಮೊದಲು ಕೇಳುವ ಪ್ರಶ್ನೆ ಅದೇ.

ವಿಮಾನವನ್ನು ಬದಿಗಿಡುವ ಅಗತ್ಯ ನನಗೆ ಕಾಣುತ್ತಿಲ್ಲ. ಎಫ್‌ಎಂಸಿ ತೋರಿಸುವ ಜಾಗಕ್ಕಿಂತ ಹತ್ತು ಮೈಲಿ ಮೊದಲೇ ‘ಡಿಸೆಂಡ್ ನೌ’ ಒತ್ತಿ ಇಳಿಯತೊಡಗಿ. ವಿಮಾನವು ಇಳಿಜಾರನ್ನು ಕೆಳಗಿನಿಂದ ಬಂದು ಸೇರುತ್ತದೆ. ಆ ಮೇಲೂ ಸೂಚಕ ಕೆಳಗೆ ಸರಿಯತೊಡಗಿದರೆ ಫ್ಲೈಟ್ ಲೆವೆಲ್ ಚೇಂಜ್‌ಗೆ (ಇಟ್ಟ ವೇಗವನ್ನು ಕಾಯ್ದುಕೊಂಡು ಇಳಿಸುವ ಆಟೋಪೈಲಟ್ ವಿಧಾನಕ್ಕೆ) ಬದಲಿಸಿ, ವೇಗವನ್ನು ಸ್ವಲ್ಪ ಹೆಚ್ಚಿಗೆ ಇಟ್ಟು ಇಳಿಯಿರಿ, 10 ಸಾವಿರ ಅಡಿಗೆ ಮುಂಚೆ 250 ನಾಟ್‌ಗೆ ತನ್ನಿ. ಆದರೆ ಫ್ಲೈಟ್ ಲೆವೆಲ್ ಚೇಂಜ್‌ನಲ್ಲಿರುವಾಗ ನಡುವಿನ ಬಿಂದುಗಳ ಎತ್ತರದ ಮಿತಿಗಳನ್ನು ಆಟೋಪೈಲಟ್ ನೋಡುವುದಿಲ್ಲ. ಎಂಸಿಪಿಯಲ್ಲಿ (ಆಟೋಪೈಲಟ್‌ನ ಗುಂಡಿಗಳ ಫಲಕದಲ್ಲಿ) ಒಂದೊಂದು ಮಿತಿಯನ್ನೂ ನೀವೇ ಸರದಿಯಂತೆ ಇಡಬೇಕು.