ಒಳಾಂಗಣದ ಆಟಗಳಿಗೆ ಐಎಸ್‌ಒ ಎಷ್ಟು ಇಡುತ್ತೀರಿ? ಅನುಭವ ಇದ್ದವರು ಹೇಳಿ

ಪ್ರಶ್ನೆ

ರಾತ್ರಿ ಹೊತ್ತು ಒಳಾಂಗಣದಲ್ಲಿ ನಡೆಯುವ ಬ್ಯಾಡ್ಮಿಂಟನ್, ವಾಲಿಬಾಲ್ ಪಂದ್ಯಗಳ ಫೋಟೋ ತೆಗೆಯಲು ಶುರು ಮಾಡಿದ್ದೇನೆ. ನನ್ನದು ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರ್ ಇರುವ) ಕ್ಯಾಮೆರಾ. ಇರುವ ಝೂಮ್ ಲೆನ್ಸ್ ಪೂರ್ತಿ ಎಳೆದರೆ ಎಫ್ 5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ತೆರೆಯುತ್ತದೆ). ಐಎಸ್‌ಒ (ಫೋಟೋದ ಹೊಳಪು ಏರಿಸುವ ಸೆಟ್ಟಿಂಗ್) 3200 ದಾಟಿಸಬೇಡ ಅಂತ ತುಂಬಾ ಜನ ಹೇಳಿದ್ದರಿಂದ ಅಲ್ಲಿಗೇ ನಿಲ್ಲಿಸಿದ್ದೇನೆ. ಆಗ ಶಟರ್ ಸ್ಪೀಡ್ 1/160 ಸೆಕೆಂಡ್ ಮಾತ್ರ ಸಿಗುತ್ತದೆ. ನಿಂತಿರುವವರು ಚೆನ್ನಾಗಿ ಬರುತ್ತಾರೆ, ಹೊಡೆಯುವವರ ಕೈ, ರಾಕೆಟ್ ಎಲ್ಲಾ ಮಸುಕು. 6400, 12800 ಇಟ್ಟು ತೆಗೆಯುವವರು ಯಾರಾದರೂ ಇದ್ದೀರಾ? ಫೋಟೋ ಕಾಳುಕಾಳಾಗಿ ಹಾಳಾಗುವುದಿಲ್ಲವಾ?

ಉತ್ತರ

ನಾನು ಇಡುತ್ತೇನೆ. ಬೇಕಾದರೆ 12800 ಕೂಡ. ಇಂಥ ಆಟಗಳಲ್ಲಿ ಐಎಸ್‌ಒ ನಾವು ಮೊದಲೇ ಆರಿಸಿಕೊಳ್ಳುವ ಸಂಖ್ಯೆ ಅಲ್ಲ. ಶಟರ್ ಮತ್ತು ಅಪರ್ಚರ್ (ಲೆನ್ಸ್ ಎಷ್ಟು ತೆರೆದಿದೆ ಅನ್ನುವುದು) ಗೊತ್ತಾದ ಮೇಲೆ ಕೊನೆಗೆ ಉಳಿಯುವ ಸಂಖ್ಯೆ ಅದು.

ಮೊದಲು ಶಟರ್. ವಾಲಿಬಾಲ್, ಬ್ಯಾಸ್ಕೆಟ್‌ಬಾಲ್‌ಗೆ 1/500ಕ್ಕಿಂತ ಕೆಳಗೆ ಇಳಿಯಲು ನನಗೆ ಇಷ್ಟವಿಲ್ಲ. 1/800 ಸಿಕ್ಕರೆ ನೆಮ್ಮದಿ. ಬ್ಯಾಡ್ಮಿಂಟನ್ ಸ್ಮ್ಯಾಶ್‌ನಲ್ಲಿ ರಾಕೆಟ್ ಕೂಡ ನಿಲ್ಲಬೇಕು ಅಂದರೆ 1/1000 ಅಥವಾ ಇನ್ನೂ ಮೇಲೆ ಬೇಕು. ಆಮೇಲೆ ಅಪರ್ಚರ್: ಲೆನ್ಸ್ ಎಷ್ಟು ತೆರೆಯುತ್ತದೋ ಅಷ್ಟೂ ತೆರೆದುಬಿಡಿ. ಇವೆರಡನ್ನೂ ಕಟ್ಟಿಹಾಕಿದ ಮೇಲೆ ಮುಖಕ್ಕೆ ಸರಿಯಾದ ಬೆಳಕು ಬರಲು ಐಎಸ್‌ಒ ಎಷ್ಟು ಬೇಕೋ ಅಷ್ಟು.

ನಿಮ್ಮ ಲೆಕ್ಕವನ್ನೇ ಮಾಡೋಣ. ಎಫ್ 5.6, 1/160, ಐಎಸ್‌ಒ 3200. ಶಟರ್ 1/640 ಆಗಬೇಕಾದರೆ ಬೆಳಕು ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಂದರೆ ಎರಡು ಸ್ಟಾಪ್ (ಬೆಳಕು ಒಮ್ಮೆ ಅರ್ಧವಾದರೆ ಅಥವಾ ಎರಡು ಪಟ್ಟಾದರೆ ಒಂದು ಸ್ಟಾಪ್). ಅದನ್ನು ತುಂಬಲು ಐಎಸ್‌ಒ 12800 ಬೇಕು. ಇದೇ ಜಾಗದಲ್ಲಿ ಎಫ್ 2.8 ಲೆನ್ಸ್ ಇದ್ದಿದ್ದರೆ 1/640 ಇಟ್ಟುಕೊಂಡೇ 3200ರಲ್ಲಿ ಮುಗಿಯುತ್ತಿತ್ತು. ನಿಮಗೆ 3200 ಸಾಕು ಅಂದವರ ಕೈಯಲ್ಲಿ ಬಹುಶಃ ಅಂಥ ಲೆನ್ಸ್ ಇದೆ. ಅವರ ಸಂಖ್ಯೆಯನ್ನು ನಿಮ್ಮ ಲೆನ್ಸ್‌ಗೆ ಹಾಗೇ ತಂದರೆ ಹೊಂದುವುದಿಲ್ಲ.

ಈಗ ನಾಯ್ಸ್, ಅಂದರೆ ನೀವು ಹೇಳಿದ ಕಾಳಿನ ವಿಷಯ. ಐಎಸ್‌ಒ ಏರಿಸಿದ್ದಕ್ಕೇ ಕಾಳು ಹುಟ್ಟುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಮುಖ್ಯ ಕಾರಣ ಅದಲ್ಲ, ಸೆನ್ಸರ್ ಮೇಲೆ ಬೀಳುವ ಬೆಳಕೇ ಕಡಿಮೆ ಆಗಿರುವುದು. ಬೆಳಕು ನಾಲ್ಕನೇ ಒಂದಕ್ಕೆ ಇಳಿದರೆ ನಾಯ್ಸ್‌ಗೆ ಹೋಲಿಸಿದ ಚಿತ್ರದ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ 3200ರಲ್ಲಿ ಕತ್ತಲಾಗಿ ತೆಗೆದು, ಮನೆಗೆ ಬಂದು ಸಾಫ್ಟ್‌ವೇರ್‌ನಲ್ಲಿ ಎರಡು ಸ್ಟಾಪ್ ಎಬ್ಬಿಸಿದರೆ ಏನೂ ಉಳಿಸಿದ ಹಾಗೆ ಆಗುವುದಿಲ್ಲ. ಬಿದ್ದ ಬೆಳಕು ಅಷ್ಟೇ ಅಲ್ವಾ? ಕೆಲವು ಕ್ಯಾಮೆರಾಗಳಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಹಳೆಯ ಕ್ಯಾಮೆರಾಗಳಲ್ಲಿ ಎಬ್ಬಿಸಿದ ಫೋಟೋವೇ ಕೆಟ್ಟದಾಗಿರುತ್ತದೆ, ನೆರಳಿನ ಜಾಗದಲ್ಲಿ ಗೆರೆ ಗೆರೆ ಬರುತ್ತದೆ.

ನಾಯ್ಸ್ ಆಮೇಲೆ ಕಡಿಮೆ ಮಾಡಬಹುದು. 2023ರಲ್ಲಿ ಫೋಟೋ ತಿದ್ದುವ ಲೈಟ್‌ರೂಮ್ ಸಾಫ್ಟ್‌ವೇರ್‌ಗೆ ಎಐ ಡಿನಾಯ್ಸ್ ಬಂದ ಮೇಲಂತೂ 12800ರ ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಕೊಡುವ ಮೂಲ ಫೈಲ್) ನೋಡಿ ನಾನು ಹೆದರುವುದಿಲ್ಲ. ಕೈ ಮಸುಕಾಗಿ ಎಳೆದುಹೋಗಿದ್ದರೆ ಅದನ್ನು ಯಾವ ಸಾಫ್ಟ್‌ವೇರೂ ಸರಿಯಾಗಿ ವಾಪಸ್ ತರುವುದಿಲ್ಲ.

ಕ್ಯಾಮೆರಾದ ಐಎಸ್‌ಒ ಪಟ್ಟಿಯ ಕೊನೆಯಲ್ಲಿ ಎಚ್1, ಎಚ್2 ಅಂತ ಇದ್ದರೆ ಅದನ್ನು ಮಾತ್ರ ಬಿಟ್ಟುಬಿಡಿ. ಸಾಮಾನ್ಯವಾಗಿ ಅಲ್ಲಿ ಕ್ಯಾಮೆರಾ ಒಳಗೇ ಲೆಕ್ಕ ಹಾಕಿ ಹೊಳಪು ಏರಿಸುತ್ತದೆ. ಆ ಕೆಲಸವನ್ನು ರಾ ಫೈಲ್ ಮೇಲೆ ನೀವೇ ಮಾಡಬಹುದು.

ಇನ್ನೊಬ್ಬರ ಉತ್ತರ

ಮೇಲಿನದೆಲ್ಲ ಒಪ್ಪುತ್ತೇನೆ. ನಾನು ಮ್ಯಾನುವಲ್ ಮೋಡ್‌ನಲ್ಲಿ ಶಟರ್, ಅಪರ್ಚರ್ ಕೂರಿಸಿ ಐಎಸ್‌ಒ ಮಾತ್ರ ಆಟೋಗೆ ಬಿಡುತ್ತೇನೆ. ಗರಿಷ್ಠ ಮಿತಿ 12800. ಸಂಜೆ ಬಯಲಲ್ಲಿ ನಡೆಯುವ ಫುಟ್‌ಬಾಲ್‌ಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಬೆಳಕು ನಿಮಿಷ ನಿಮಿಷಕ್ಕೂ ಇಳಿಯುತ್ತಿರುತ್ತದೆ, ನಾವು ಚಕ್ರ ತಿರುಗಿಸುತ್ತಾ ಕೂತರೆ ಗೋಲು ತಪ್ಪಿಹೋಗುತ್ತದೆ.

ಮೊದಲು ಉತ್ತರಿಸಿದವರು

ಬಯಲಿಗೆ ಸರಿ. ಒಳಾಂಗಣಕ್ಕೆ ನಾನು ಒಪ್ಪುವುದಿಲ್ಲ. ಅಲ್ಲಿ ದೀಪ ಬದಲಾಗುವುದಿಲ್ಲ, ಆಟಗಾರರ ಹಿಂದಿನ ಬಣ್ಣ ಬದಲಾಗುತ್ತದೆ. ಹಿಂದೆ ಕಪ್ಪು ಪರದೆ ಬಂದರೆ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಮೋಸಹೋಗಿ ಐಎಸ್‌ಒ ಏರಿಸುತ್ತದೆ, ಮುಖ ಬಿಳುಚಿಕೊಳ್ಳುತ್ತದೆ. ಬಿಳಿ ಜೆರ್ಸಿ ಫ್ರೇಮ್ ತುಂಬಿದರೆ ಐಎಸ್‌ಒ ಇಳಿದು ಮುಖ ಕಪ್ಪಾಗುತ್ತದೆ. ಎರಡು ಹೆಜ್ಜೆ ಆಚೀಚೆ ಓಡಿದ್ದಕ್ಕೆ ಒಬ್ಬರದೇ ಮುಖ ಎರಡು ಥರ ಬರುತ್ತದೆ. ವಾರ್ಮಪ್ ಹೊತ್ತಲ್ಲೇ ನೆಟ್ ಹತ್ತಿರ ಒಂದು, ಹಿಂದಿನ ಗೆರೆ ಹತ್ತಿರ ಒಂದು, ಮೂಲೆಯಲ್ಲಿ ಒಂದು ಫೋಟೋ ತೆಗೆದು ನೋಡಿ. ಮೂಲೆಯಲ್ಲಿ ಬೆಳಕು ಕಡಿಮೆ ಇರುವುದು ಮಾಮೂಲಿ. ಮುಖ ನೋಡಿ ಐಎಸ್‌ಒ ನಿಲ್ಲಿಸಿ, ಮತ್ತೆ ಮುಟ್ಟಬೇಡಿ. ಬಿಳಿ ಜೆರ್ಸಿಯ ಮೇಲೆ ಸಣ್ಣಗೆ ಹೈಲೈಟ್ ಎಚ್ಚರಿಕೆ (ಅತಿಯಾಗಿ ಬೆಳಗಿದ ಜಾಗ ತೋರಿಸುವ ಸೂಚನೆ) ಮಿಣುಕಿದರೆ ರಾ ಫೈಲ್‌ನಲ್ಲಿ ಸಾಮಾನ್ಯವಾಗಿ ಸರಿಮಾಡಬಹುದು. ಹಣೆಯ ಮೇಲೆ ಮಿಣುಕಿದರೆ ಮಾತ್ರ ಒಂದು ಹೆಜ್ಜೆ ಇಳಿಸಿ.

ಮತ್ತೊಬ್ಬರ ಉತ್ತರ

ಒಂದು ವಿಷಯ ಯಾರೂ ಹೇಳಲಿಲ್ಲ, ದೀಪಗಳ ಮಿನುಗು. ಶಟರ್ 1/640ಕ್ಕೆ ಹೋದ ಕೂಡಲೇ ಇದು ಕಾಣಿಸಿಕೊಳ್ಳುತ್ತದೆ. ಒಂದೇ ಬರ್ಸ್ಟ್‌ನ (ಒಂದರ ಹಿಂದೆ ಒಂದು ಬೇಗ ಬೇಗ ತೆಗೆದ) ಫ್ರೇಮ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದು ಸರಿಯಾಗಿರುತ್ತದೆ. ಮುಂದಿನದು ಅರ್ಧ ಸ್ಟಾಪ್ ಕತ್ತಲು, ಚರ್ಮದ ಬಣ್ಣ ಕಂದು ಹಳದಿ. ಅದರ ಮುಂದಿನದರಲ್ಲಿ ಮೇಲರ್ಧ ಒಂದು ಬಣ್ಣ, ಕೆಳಗರ್ಧ ಇನ್ನೊಂದು. ಸೆಟ್ಟಿಂಗ್ ಒಂದೂ ಬದಲಾಗಿರುವುದಿಲ್ಲ. ಇದನ್ನು ಕಂಡವರು ಸುಮ್ನೆ ಐಎಸ್‌ಒ ಮೇಲೆ ಕೆಳಗೆ ಮಾಡುತ್ತಾ ಒದ್ದಾಡುತ್ತಾರೆ.

50 ಹರ್ಟ್ಝ್ ಕರೆಂಟಿನಲ್ಲಿ ಹಳೆಯ ಟ್ಯೂಬ್‌ಲೈಟ್, ಮೆಟಲ್ ಹಾಲೈಡ್ ದೀಪಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. 60 ಹರ್ಟ್ಝ್ ಇರುವ ಕಡೆ 120 ಸಲ. 1/100ರಲ್ಲಿ ತೆಗೆದರೆ ಒಂದು ಏರಿಳಿತ ಪೂರ್ತಿ ಸಿಗುವುದರಿಂದ ಗೊತ್ತಾಗುವುದಿಲ್ಲ. 1/640ರಲ್ಲಿ ಅದರ ಒಂದು ಚೂರು ಮಾತ್ರ ಸಿಗುತ್ತದೆ, ಅದು ಬೆಳಕಿನ ಚೂರೋ ಕತ್ತಲ ಚೂರೋ ಹೇಳಲು ಆಗುವುದಿಲ್ಲ. ಮೆನುವಿನಲ್ಲಿ ಆಂಟಿ ಫ್ಲಿಕರ್ ಇದೆಯಾ ನೋಡಿ. ಕ್ಯಾನನ್ ಇದನ್ನು 2014ರ 7ಡಿ ಮಾರ್ಕ್ 2ರಲ್ಲಿ ತಂದಿತು, ಈಗ ಬೇರೆ ಕಂಪನಿಗಳ ಕ್ಯಾಮೆರಾಗಳಲ್ಲೂ ಇದೆ. ದೀಪ ಹೆಚ್ಚು ಬೆಳಗಿರುವ ಕ್ಷಣಕ್ಕೆ ಕಾದು ಶಟರ್ ಬಿಡುತ್ತದೆ. ಬರ್ಸ್ಟ್ ವೇಗ ಸ್ವಲ್ಪ ತಗ್ಗಬಹುದು, ಪರವಾಗಿಲ್ಲ. ಹೊಳಪಿನ ತುದಿಯಲ್ಲೇ ಫೋಟೋ ಸಿಗುವುದರಿಂದ ಐಎಸ್‌ಒ ಕೂಡ ಒಂಚೂರು ಕಮ್ಮಿ ಸಾಕಾಗುತ್ತದೆ. ಎಲ್ಇಡಿ ಇರುವ ಕಡೆ ಅಡ್ಡ ಪಟ್ಟಿ ಕಂಡರೆ ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್‌ಗೆ ಬನ್ನಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. 12800 ಇಟ್ಟು ನೋಡುತ್ತೇನೆ. ಎಫ್ 2.8 ಝೂಮ್ ಸದ್ಯಕ್ಕೆ ನನ್ನ ಕೈಗೆ ಎಟುಕುವುದಿಲ್ಲ. ಕ್ಯಾಮೆರಾ ಬದಲಿಸಿ ದೊಡ್ಡ ಸೆನ್ಸರ್ ಇರುವ ಫುಲ್ ಫ್ರೇಮ್ ತೆಗೆದುಕೊಂಡರೆ ಸುಧಾರಿಸುತ್ತದಾ?

ಮೊದಲು ಉತ್ತರಿಸಿದವರು

ಸುಧಾರಿಸುತ್ತದೆ, ಆದರೆ ಸ್ವಲ್ಪ. ಕ್ರಾಪ್‌ನಿಂದ ಫುಲ್ ಫ್ರೇಮ್‌ಗೆ ಹೋದರೆ ನಾಯ್ಸ್‌ನಲ್ಲಿ ಒಂದು ಸ್ಟಾಪ್‌ಗಿಂತ ತುಸು ಜಾಸ್ತಿ ಲಾಭ. ಆದರೆ ಆಟಗಾರರು ಫ್ರೇಮ್‌ನಲ್ಲಿ ಚಿಕ್ಕದಾಗುತ್ತಾರೆ. ಕತ್ತರಿಸಿ ಹತ್ತಿರ ತಂದರೆ ಆ ಲಾಭವೂ ಕರಗುತ್ತದೆ. ಅದಕ್ಕಿಂತ 85 ಎಂಎಂ ಎಫ್ 1.8 ಲೆನ್ಸ್ ತೆಗೆದುಕೊಳ್ಳಿ. ನಿಮ್ಮ 5.6ಕ್ಕೂ ಇದಕ್ಕೂ ಮೂರು ಸ್ಟಾಪ್‌ಗಿಂತ ಹೆಚ್ಚು ಅಂತರ. 12800 ಕೇಳುತ್ತಿದ್ದ ಅದೇ 1/640 ಸುಮಾರು 1250ಕ್ಕೆ ಬರುತ್ತದೆ. ಝೂಮ್ ಇರುವುದಿಲ್ಲ, ಕೋರ್ಟಿನ ಯಾವ ಬದಿಯಲ್ಲಿ ನಿಲ್ಲಬೇಕು ಅಂತ ಮೊದಲೇ ಯೋಚಿಸಬೇಕಾಗುತ್ತದೆ.

ಲೆನ್ಸ್ ಬರುವ ತನಕ ಇರುವುದರಲ್ಲೇ ಒಂದು ಉಪಾಯ. ಝೂಮ್ ಪೂರ್ತಿ ಎಳೆಯದೆ ಅಂಗಣಕ್ಕೆ ಹತ್ತಿರ ಹೋಗಿ. ನಿಮ್ಮಂಥ ಲೆನ್ಸ್‌ಗಳು ಚಿಕ್ಕ ಫೋಕಲ್ ಲೆಂತ್‌ನಲ್ಲಿ ಸಾಮಾನ್ಯವಾಗಿ ಎಫ್ 4 ಅಥವಾ ಅದರ ಹತ್ತಿರ ತೆರೆಯುತ್ತವೆ, ಅಲ್ಲೇ ಒಂದು ಸ್ಟಾಪ್ ಉಳಿಯಿತು. ಇನ್ನೊಂದು, ವಾಲಿಬಾಲ್‌ನಲ್ಲಿ ಜಿಗಿತದ ತುತ್ತತುದಿಯಲ್ಲಿ ದೇಹ ಒಂದು ಕ್ಷಣ ನಿಂತ ಹಾಗಿರುತ್ತದೆ. ಆ ಕ್ಷಣ ಹಿಡಿದರೆ 1/320ರಲ್ಲೂ ಮುಖ ಚೊಕ್ಕವಾಗಿ ಬರುತ್ತದೆ, ಕೈ ಮಾತ್ರ ಸ್ವಲ್ಪ ಎಳೆದಿರುತ್ತದೆ. ಫ್ಲ್ಯಾಶ್ ಯೋಚನೆಯೇ ಬೇಡ, ಆಡುವವರ ಕಣ್ಣಿಗೆ ಹೊಡೆಯುತ್ತದೆ.

85 ಬಂದ ಮೇಲೆ 1.8ರಲ್ಲಿ ಫೋಕಸ್ ತುಂಬಾ ತೆಳು ಅನ್ನುವುದು ನೆನಪಿರಲಿ. ಕಣ್ಣಿನ ಬದಲು ಭುಜ ಚೂಪಾಗಿರುವ ಫ್ರೇಮ್‌ಗಳು ಜಾಸ್ತಿ ಬರುತ್ತಿದ್ದರೆ ಎಫ್ 2.2ಕ್ಕೆ ಬನ್ನಿ, ಐಎಸ್‌ಒ 2000 ಮಾಡಿ.