ಪುಣೆಯಲ್ಲಿ ಸ್ಕೂಲ್ ನರ್ಸ್ ಕೆಲಸ: ತಿಳಿದವರು ಹೇಳಿ

ಕೇಳಿದವರು: ಮಂಗಳೂರಿನಲ್ಲಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಆರು ವರ್ಷ ವಾರ್ಡಿನಲ್ಲಿ ದುಡಿದಿದ್ದೇನೆ. ಯಜಮಾನರಿಗೆ ಪುಣೆಗೆ ವರ್ಗವಾಗಿದೆ. ಮಗಳಿಗೆ ಎರಡು ವರ್ಷ, ಇನ್ನು ನೈಟ್ ಡ್ಯೂಟಿ ಆಗುವುದಿಲ್ಲ. ಶಾಲೆಯಲ್ಲಿ ನರ್ಸ್ ಆಗಲು ಬೇರೆ ಕೋರ್ಸ್ ಬೇಕಾ? ಮರಾಠಿ ಬರುವುದಿಲ್ಲ. ಆರಾಮದ ಕೆಲಸ ಅನ್ನುತ್ತಾರೆ, ನಿಜವಾ?

ವಾಕಡ್‌ನಿಂದ: ಆರಾಮ ಅಂದವರು ಒಮ್ಮೆ ಸ್ಪೋರ್ಟ್ಸ್ ಡೇಗೆ ಬಂದು ನೋಡಲಿ ತಂಗಿ! ನಾನು ಹುಬ್ಬಳ್ಳಿಯವಳು. ಇಲ್ಲಿ ಶಾಲೆಯ ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಯಿತು. ಬೇರೆ ಕೋರ್ಸ್ ಬೇಡ. ಮೂರು ವರ್ಷದ ಜಿಎನ್‌ಎಂ ಅಥವಾ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಕೇಳುತ್ತಾರೆ. ಎಎನ್‌ಎಂ (ಸಹಾಯಕ ನರ್ಸ್ ಕೋರ್ಸ್) ಆದವರನ್ನೂ ಕೆಲವರು ತೆಗೆದುಕೊಳ್ಳುತ್ತಾರೆ. ತೊಡಕು ಇರುವುದು ರಿಜಿಸ್ಟ್ರೇಷನ್‌ನಲ್ಲಿ. ನಿಮ್ಮದು ಕರ್ನಾಟಕದ ನರ್ಸಿಂಗ್ ಕೌನ್ಸಿಲ್‌ನಲ್ಲಿದೆ, ಇಲ್ಲಿ ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನಲ್ಲಿ ಮಾಡಿಸಬೇಕು. ಅದಕ್ಕೆ ಅಲ್ಲಿಯ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಎಂಬ ಪತ್ರ ಬೇಕು. ಊರು ಬಿಡುವ ಮೊದಲೇ ಅರ್ಜಿ ಹಾಕಿ. ನಾನು ಒಂದು ಮಾರ್ಕ್ಸ್‌ಕಾರ್ಡ್ ತವರಲ್ಲೇ ಬಿಟ್ಟು ಬಂದು ಸುಮ್ನೆ ತಿಂಗಳುಗಟ್ಟಲೆ ಮನೆಯಲ್ಲಿ ಕೂತೆ.

ವಾರ್ಡಿನಲ್ಲಾದರೆ ಡಾಕ್ಟರ್ ಕೂಗಿದರೆ ಬರುತ್ತಾರೆ. ಇಲ್ಲಿ ನೀವೊಬ್ಬರೇ. ಮೊದಲ ವರ್ಷವೇ ಅಸೆಂಬ್ಲಿಯಲ್ಲಿ ಒಬ್ಬ ಹುಡುಗನಿಗೆ ಫಿಟ್ಸ್ ಬಂತು. ಒಬ್ಬರು ಕೈಗೆ ಬೀಗದ ಕೈ ತುರುಕಿದರು, ಇನ್ನೊಬ್ಬರು ಬಾಯಿಗಿಡಲು ಚಮಚ ತಂದರು. ಎರಡನ್ನೂ ಕಿತ್ತಿಟ್ಟು, ಅವನನ್ನು ಮಗ್ಗುಲಿಗೆ ಹೊರಳಿಸಿ ಗಡಿಯಾರ ನೋಡುತ್ತಾ ಕೂತೆ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಬೇಕು. ಎರಡಕ್ಕೇ ನಿಂತಿತು. ಆಮೇಲೆ ನೋಡಿದರೆ ಅವನಿಗೆ ಫಿಟ್ಸ್ ಇದೆಯೆಂದು ಫೈಲಿನಲ್ಲಿ ಎಲ್ಲೂ ಇಲ್ಲ! ಅದಕ್ಕೇ ಪ್ರತಿ ಜೂನ್‌ನಲ್ಲಿ ಪ್ರತಿ ಮಗುವಿನ ಅಲರ್ಜಿ, ಉಬ್ಬಸ, ಫಿಟ್ಸ್, ಎರಡು ಫೋನ್ ನಂಬರ್ ಬರೆಸಿಕೊಳ್ಳುತ್ತೇನೆ.

ರಿಜಿಸ್ಟರ್ ಮಾತ್ರ ಬಿಡಬೇಡಿ. ಯಾರು ಬಂದರು, ಎಷ್ಟು ಹೊತ್ತಿಗೆ, ಏನು ಮಾಡಿದೆ, ಎಲ್ಲ ಬರೆಯಿರಿ. ಹೊಟ್ಟೆನೋವು ಜಾಸ್ತಿ ಬರುವುದು ಗಣಿತದ ಪಿರಿಯಡ್‌ಗೇ, ಅದು ಬೇರೆ ಮಾತು. ಒಂದು ಸಲ ಎರಡು ವಾರದಲ್ಲಿ ಮೂವರು ಹುಡುಗಿಯರು ಉರಿಮೂತ್ರ ಅಂತ ಬಂದರು. ಪುಟ ತಿರುಗಿಸಿದರೆ ಮೂವರೂ ಒಂದೇ ಮಹಡಿಯವರು. ಅಲ್ಲಿನ ಟಾಯ್ಲೆಟ್ಟಿನ ಚಿಲಕ ಮುರಿದಿತ್ತು. ಅಲ್ಲಿಗೆ ಹೋಗಬೇಕಾಗುತ್ತದಲ್ಲ ಎಂದು ಬೆಳಗಿನಿಂದ ನೀರೇ ಕುಡಿಯುತ್ತಿರಲಿಲ್ಲ. ಅವರನ್ನು ಡಾಕ್ಟರ ಹತ್ತಿರ ಕಳಿಸಿದೆ, ಬಡಗಿಯನ್ನು ಮಹಡಿಗೆ ಕಳಿಸಿದೆ.

ಡಾಕ್ಟರ ಚೀಟಿ, ತಂದೆತಾಯಿಯ ಒಪ್ಪಿಗೆ ಇಲ್ಲದೆ ಮಾತ್ರೆ ಕೊಡಬೇಡಿ. ಟೀಚರ್‌ಗಳು ತಮಗೂ ಕೇಳುತ್ತಾರೆ, ಅವರಿಗೂ ಇಲ್ಲ.

ಮುಲುಂಡ್‌ನಿಂದ: ಸರ್ಕಾರಿ ಕಡೆಯೂ ಒಂದು ದಾರಿ ಇದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ನಮ್ಮ ಪಾಲ್ಘರ್‌ನಲ್ಲೇ ಶುರುವಾದದ್ದು. ಅದರ ತಂಡದಲ್ಲಿ ಇಬ್ಬರು ಆಯುಷ್ ಡಾಕ್ಟರ್, ಒಬ್ಬ ಫಾರ್ಮಸಿಸ್ಟ್, ಒಬ್ಬ ನರ್ಸ್ ಇರುತ್ತಾರೆ. ಗಾಡಿಯಲ್ಲಿ ಅಂಗನವಾಡಿ, ಶಾಲೆ ಸುತ್ತಿ ಮಕ್ಕಳನ್ನು ನೋಡುತ್ತಾರೆ. ಕಾಂಟ್ರಾಕ್ಟ್ ಕೆಲಸ, ಓಡಾಟ ಜಾಸ್ತಿ, ಮರಾಠಿ ಬೇಕೇ ಬೇಕು. ಚಿಕ್ಕ ಮಗು ಇರುವವರಿಗೆ ನಾನಂತೂ ಹೇಳುವುದಿಲ್ಲ.

ಇನ್ನೊಂದು. ಎಲ್ಲಿ ಸೇರಿದರೂ 2012ರ ಪೋಕ್ಸೊ ಕಾಯ್ದೆ ತಿಳಿದಿರಲಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು. ಪ್ರಿನ್ಸಿಪಾಲರಿಗೆ ಹೇಳಿ ಕೈತೊಳೆದುಕೊಂಡರೆ ಆಗುವುದಿಲ್ಲ.

ಪಿಂಪ್ರಿಯಿಂದ: ನಾನು ನರ್ಸ್ ಅಲ್ಲ, ಟೈಪ್ 1 ಸಕ್ಕರೆ ಕಾಯಿಲೆ ಇರುವ ಹುಡುಗನ ಅಮ್ಮ. ಅವನ ಶಾಲೆಯ ಸಿಸ್ಟರ್ ಊಟಕ್ಕೆ ಮುಂಚೆ ಕರೆದು ಶುಗರ್ ನೋಡುತ್ತಾರೆ. ಪಿಟಿ ಸರ್ ಹತ್ತಿರ ಗ್ಲೂಕೋಸ್ ಪುಡಿ ಇಟ್ಟಿದ್ದಾರೆ. ಶುಗರ್ ಇಳಿದು ಬೆವರಿ ನಡುಗಿದರೆ ಮೊದಲು ಸಕ್ಕರೆ ಕೊಡಿ, ಆಮೇಲೆ ನನ್ನ ಹತ್ತಿರ ಕಳಿಸಿ, ಒಬ್ಬನನ್ನೇ ಕಳಿಸಬೇಡಿ ಎಂದು ಎಲ್ಲ ಟೀಚರ್‌ಗಳಿಗೂ ಹೇಳಿಕೊಟ್ಟಿದ್ದಾರೆ. ಅವರು ಬಂದಮೇಲೆ ನಾನು ಗೇಟಿನ ಹೊರಗೆ ಕಾಯುವುದು ಬಿಟ್ಟೆ.

ಕೇಳಿದವರು: ಎನ್‌ಒಸಿಗೆ ನಾಳೆಯೇ ಹಾಕುತ್ತೇನೆ ಅಕ್ಕ. ಮರಾಠಿ ಇಲ್ಲದೆ ನಡೆಯುತ್ತದಾ?

ವಾಕಡ್‌ನಿಂದ: ಇಂಗ್ಲಿಷ್, ಹಿಂದಿಯಲ್ಲಿ ಶುರು ಮಾಡಬಹುದು. ಆದರೆ ನೋವಾದಾಗ ಮಕ್ಕಳ ಬಾಯಲ್ಲಿ ಮನೆಮಾತೇ ಬರುತ್ತದೆ, ಅಲ್ವಾ? ‘ಪೋಟಾತ್ ದುಖತಂಯ್’ ಅಂದರೆ ಹೊಟ್ಟೆನೋವು, ‘ಚಕ್ಕರ್ ಯೇತೇಯ್’ ಅಂದರೆ ತಲೆಸುತ್ತು. ಉಳಿದದ್ದನ್ನು ಶಾಲೆಯ ಮಾವಶಿ ಕಲಿಸುತ್ತಾರೆ. ಇಲ್ಲಿ ಆಯಾಗೆ ಹಾಗೆ ಕರೆಯುತ್ತಾರೆ.

ಇಂಟರ್‌ವ್ಯೂನಲ್ಲಿ ಬೇಸಿಗೆ ರಜೆಗೆ ಸಂಬಳ ಇದೆಯಾ ಎಂದು ಕೇಳಿ. ನರ್ಸ್ ಕೆಲಸ ಬಿಟ್ಟು ಬೇರೆ ಏನು ಮಾಡಿಸುತ್ತೀರಿ ಎಂದೂ ಕೇಳಿ. ಮೊದಲಿದ್ದ ಒಂದು ಶಾಲೆಯಲ್ಲಿ ನನ್ನನ್ನು ಫೀಸ್ ಕೌಂಟರ್‌ನಲ್ಲಿ ಕೂರಿಸುತ್ತಿದ್ದರು.