ಫಾರ್ಮಾಲ್ಡಿಹೈಡ್–ಎನ್‌ಓ2 ಅನುಪಾತ: ಘಟ್ಟದ ಕಾಡೂ ಊರಿನಂತೆ ಕಾಣುತ್ತಿದೆ, ಯಾಕೆ?

ಬಯಲುಗಾಳಿ:
ನೆಲಮಟ್ಟದ ಓಝೋನ್ ಎಲ್ಲಿ ನೈಟ್ರೋಜನ್ ಆಕ್ಸೈಡ್‌ಗಳ (ವಾಹನದ ಹೊಗೆಯಲ್ಲಿ ಬರುವ ಅನಿಲಗಳು) ಮೇಲೆ ನಿಂತಿದೆ, ಎಲ್ಲಿ ವಿಓಸಿಗಳ (ಬೇಗ ಆವಿಯಾಗುವ ಸಾವಯವ ರಾಸಾಯನಿಕಗಳು) ಮೇಲೆ ನಿಂತಿದೆ ಅಂತ ನೋಡಬೇಕಿತ್ತು. ಗೂಗಲ್ ಅರ್ಥ್ ಎಂಜಿನ್‌ನಲ್ಲಿ (ಉಪಗ್ರಹದ ಡೇಟಾ ಸಿಗುವ ಆನ್‌ಲೈನ್ ವೇದಿಕೆ) ಗಾಳಿಯ ಅನಿಲ ಅಳೆಯುವ ಸೆಂಟಿನೆಲ್-5ಪಿ ಉಪಗ್ರಹದ ಮಾರ್ಚ್ ತಿಂಗಳ ಡೇಟಾ ತೆಗೆದುಕೊಂಡು, ದಿನಾ ಫಾರ್ಮಾಲ್ಡಿಹೈಡನ್ನು (ವಿಓಸಿಗಳ ಗುರುತು) ಎನ್‌ಓ2ರಿಂದ (ನೈಟ್ರೋಜನ್ ಡೈಆಕ್ಸೈಡ್) ಭಾಗಿಸಿ ಸರಾಸರಿ ಮಾಡಿದೆ. ಆಗುಂಬೆ, ಕುದುರೆಮುಖದ ಕಾಡಿನ ಮೇಲೂ ಬರೀ 2–3 ಬರುತ್ತಿದೆ. ಅನುಪಾತ ಕಡಿಮೆ ಅಂದರೆ ಎನ್‌ಓ2 ಜಾಸ್ತಿ ಅಂತ. ಅಲ್ಲಿ ಅಷ್ಟು ವಾಹನ ಎಲ್ಲಿವೆ? ಕೆಲವು ಪಿಕ್ಸೆಲ್‌ಗಳಲ್ಲಿ ಮೈನಸ್ ಬೇರೆ.

ಮೋಡಮಾಪಕ:
ಎನ್‌ಓ2ರ ಯಾವ ಬ್ಯಾಂಡ್ (ಡೇಟಾ ಪದರ) ತೆಗೆದುಕೊಂಡಿರಿ? ಪಟ್ಟಿಯಲ್ಲಿ ಮೊದಲು ಸಿಗುವುದು ಒಟ್ಟು ಕಾಲಂ, ಅಂದರೆ ನೆಲದಿಂದ ಮೇಲಿನವರೆಗಿನ ಇಡೀ ಗಾಳಿಕಂಬದ ಮೊತ್ತ. ಅದರಲ್ಲಿ ಸ್ಟ್ರಾಟೋಸ್ಫಿಯರ್‌ನ (ಮೇಲಿನ ವಾಯುಪದರ) ಎನ್‌ಓ2 ಕೂಡ ಸೇರಿರುತ್ತೆ. ಕಾಡಿನ ಮೇಲೆ ಕೆಳಗಿನ ಗಾಳಿಯಲ್ಲಿ ಎನ್‌ಓ2 ತೀರಾ ಕಡಿಮೆ, ಹಾಗಾಗಿ ಮೇಲಿನ ಪಾಲೇ ಜಾಸ್ತಿ ಆಗಿ ಅನುಪಾತ ಬಿದ್ದುಹೋಗುತ್ತೆ. ನಿಮಗೆ ಬೇಕಾದದ್ದು ಹೆಸರು 'ಟ್ರೋಪೋಸ್ಫೆರಿಕ್' (ಕೆಳಗಿನ ವಾಯುಪದರದ) ಅಂತ ಶುರುವಾಗುವ ಬ್ಯಾಂಡ್.

ಇನ್ನು ಮೈನಸ್. ಫಾರ್ಮಾಲ್ಡಿಹೈಡ್ ಸಿಗ್ನಲ್ ದುರ್ಬಲ, ಒಂದೊಂದು ದಿನದ ಅಳತೆಯಲ್ಲಿ ಗದ್ದಲ ತುಂಬಾ. ಮೈನಸ್ ಬಂದದ್ದನ್ನು ದಯವಿಟ್ಟು ಕಿತ್ತುಹಾಕಬೇಡಿ, ಸರಾಸರಿ ಸುಳ್ಳಾಗಿ ಮೇಲೇರುತ್ತೆ. ಎರಡೂ ಅನಿಲಗಳಿಗೆ ಮೊದಲು ತಿಂಗಳ ಸರಾಸರಿ ತೆಗೆಯಿರಿ, ಆಮೇಲೆ ಒಂದೇ ಸಲ ಭಾಗಿಸಿ. ಎರಡೂ ಇರುವ ದಿನಗಳನ್ನು ಮಾತ್ರ ಸೇರಿಸಿ. ಮುಂಗಾರಿನಲ್ಲಿ ಇದನ್ನು ಮಾಡಲು ಹೋಗಬೇಡಿ, ಮೋಡದ ಕೆಳಗೆ ಏನೂ ಸರಿಯಾಗಿ ಸಿಗಲ್ಲ.

ಬಯಲುಗಾಳಿ:
ಹೌದು ಸರ್, ಒಟ್ಟು ಕಾಲಂ ಬ್ಯಾಂಡೇ ಅದು. ಬದಲಾಯಿಸಿದ ಮೇಲೆ ಘಟ್ಟದ ಮೇಲೆ ಅನುಪಾತ ಚೆನ್ನಾಗಿ ಮೇಲೇರಿತು, ಬೆಂಗಳೂರಿನ ನಡುಭಾಗದಲ್ಲಿ ಸ್ವಲ್ಪವೇ ಬದಲಾಯಿತು. ಆದರೆ ಅಲ್ಲಿ ಈಗ 2 ದಾಟಿದೆ. 1ಕ್ಕಿಂತ ಕಡಿಮೆ ಇದ್ದರೆ ಓಝೋನ್ ವಿಓಸಿ ಹಿಡಿತದಲ್ಲಿ, 2ಕ್ಕಿಂತ ಜಾಸ್ತಿ ಇದ್ದರೆ ನೈಟ್ರೋಜನ್ ಆಕ್ಸೈಡ್ ಹಿಡಿತದಲ್ಲಿ ಅಂತ ಓದಿದ್ದೆ. ಹಾಗಾದರೆ ವಾಹನದ ಹೊಗೆ ಇಳಿಸಿದರೆ ಓಝೋನ್ ಇಳಿಯುತ್ತೆ ಅನ್ನಬಹುದಾ?

ಮೋಡಮಾಪಕ:
ಇಲ್ಲಿ ನಿಧಾನಿಸಿ. ಆ 1 ಮತ್ತು 2 ಬಂದದ್ದು 2010ರಲ್ಲಿ, ಲಾಸ್ ಏಂಜಲೀಸ್‌ನ ಗಾಳಿಯ ಮಾದರಿಯಿಂದ. ಆಮೇಲೆ ಅಮೆರಿಕದ ಏಳು ನಗರಗಳಲ್ಲಿ ನೆಲದ ಓಝೋನ್ ಜೊತೆ ಹೋಲಿಸಿದಾಗ ಆ ಎರಡು ಸ್ಥಿತಿಗಳ ನಡುವಿನ ಗಡಿ 3.2ರಿಂದ 4.1ರ ನಡುವೆ ಬಂತು. ನಮ್ಮ ಊರಿನ ಗಡಿ ನಮ್ಮ ಡೇಟಾದಿಂದಲೇ ಸಿಗಬೇಕು, ಅಲ್ವಾ? ಉಪಗ್ರಹ ಹಾದುಹೋಗುವುದೂ ಮಧ್ಯಾಹ್ನ ಒಂದೂವರೆ ಸುಮಾರಿಗೆ ಮಾತ್ರ. ಬೆಳಗಿನ ಟ್ರಾಫಿಕ್ ಹೊತ್ತಿನ ಸ್ಥಿತಿ ಅದರಲ್ಲಿ ಕಾಣಿಸಲ್ಲ.

ಒಂದು ಪರೀಕ್ಷೆ ಮಾಡಿ. ನೆಲದ ಮಾಪಕಗಳಲ್ಲಿ ಭಾನುವಾರದ ಮಧ್ಯಾಹ್ನದ ಓಝೋನನ್ನು ವಾರದ ನಡುವಿನ ದಿನಗಳ ಜೊತೆ ಹೋಲಿಸಿ. ಲಾಸ್ ಏಂಜಲೀಸ್‌ನಲ್ಲಿ ವಾರಾಂತ್ಯಕ್ಕೆ ಡೀಸೆಲ್ ಲಾರಿ ಕಡಿಮೆಯಾಗಿ ನೈಟ್ರೋಜನ್ ಆಕ್ಸೈಡ್ ಇಳಿದರೂ ಓಝೋನ್ ಏರುತ್ತಿತ್ತು. ವಿಓಸಿ ಹಿಡಿತ ಇರುವ ಊರಿಗೆ ಅದೇ ಗುರುತು. ಕೂಡುರಸ್ತೆಯ ಮಾಪಕವೊಂದನ್ನೇ ನಂಬಿ ಕೂರಬೇಡಿ. ಹೊಗೆಯ ನೈಟ್ರಿಕ್ ಆಕ್ಸೈಡ್ ಅಲ್ಲೇ ಓಝೋನನ್ನು ತಿಂದುಹಾಕುತ್ತೆ. ಗಾಳಿ ಬೀಸುವ ದಿಕ್ಕಿನಲ್ಲಿ, ಊರಾಚೆ ಇರುವ ಮಾಪಕವನ್ನೂ ಸೇರಿಸಿ.